700 ಅಡಿ ಕೆಳಗಿನ ಹಿಡಿತ

ಬೇಸಿಗೆ ಹತ್ತಿರವಾದಂತೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹೊಲಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಮೋಟ್ರು ಸಿಕ್ಕೊಂಡೈತಿ’. ನೀರು ಕೆಳಗಿಳಿದಿದೆ, ಇನ್ನೆರಡು ಪೈಪು ಸೇರಿಸಿ ಮೋಟ್ರನ್ನು ಆಳಕ್ಕೆ ಬಿಡೋಣ ಎಂದು ರೈತ ಹೊರಟಿರುತ್ತಾನೆ. ಇಲ್ಲವೇ ಸುಟ್ಟ ಮೋಟ್ರನ್ನು ಎತ್ತಿ ವೈಂಡಿಂಗ್ ಮಾಡಿಸಬೇಕಾಗಿರುತ್ತದೆ. ಎತ್ತಲು ಹೋದರೆ ಬರುವುದಿಲ್ಲ. ಜೋರು ಮಾಡಿ ಎಳೆದರೆ ಪೈಪು ನಡುವೆ ಎಲ್ಲೋ ತುಂಡಾಗಿ, ಮೇಲಿನ ಭಾಗ ಕೈಗೆ ಬಂದು, ಕೆಳಗಿನದು ಮೋಟ್ರಿನ ಸಮೇತ ಭೂಮಿಯೊಳಗೆ ಉಳಿಯುತ್ತದೆ. ಪಂಪು, ಕೇಬಲ್ಲು, ಪೈಪು ಹೋದವು ಎಂಬಲ್ಲಿಗೆ ನಷ್ಟ ಮುಗಿಯುವುದಿಲ್ಲ. ಸಾಲ ಮಾಡಿ ಕೊರೆಸಿದ ಬೋರೇ ಮುಚ್ಚಿಹೋಗುತ್ತದೆ. ಹೊಲದಲ್ಲಿ ನಿಂತ ಈರುಳ್ಳಿಯೋ ದಾಳಿಂಬೆಯೋ ಮಲ್ಲಿಗೆಯೋ ಅಂದಿನಿಂದ ಬಾಡತೊಡಗುತ್ತದೆ.

ಆಗ ಕರೆ ಹೋಗುವುದು ಮೋಟ್ರು ಎತ್ತುವವರಿಗೆ. ಮೂರುಕಾಲಿನ ಕಬ್ಬಿಣದ ಚೌಕಟ್ಟು ಮತ್ತು ಚೈನ್ ಪುಲ್ಲಿ, ಇಲ್ಲವೇ ಗಾಡಿಗೆ ಕೂರಿಸಿದ ವಿಂಚು, ಒಂದಷ್ಟು ಕ್ಲ್ಯಾಂಪು, ಲೇತ್ ಅಂಗಡಿಯಲ್ಲಿ ಮಾಡಿಸಿಕೊಂಡ ವಿಚಿತ್ರ ಆಕಾರದ ಕೆಲವು ಉಕ್ಕಿನ ತುಂಡು, ಇಷ್ಟೇ ಅವರ ಬಂಡವಾಳ. ಅವರ ದುಡಿಮೆಯನ್ನು ನಾವು ಕೂಲಿ ಕೆಲಸವೆಂದು ಕಂಡಿದ್ದೇವೆ. ಅದು ತಂತ್ರವಿದ್ಯೆ ಎಂದು ಯಾರೂ ಹೇಳಿದ್ದಿಲ್ಲ. ಕಣ್ಣಿಗೆ ಕಾಣದ, ಕೈಗೆ ಎಟುಕದ ಆಳದಲ್ಲಿ ಒಂದು ವಸ್ತುವನ್ನು ಹುಡುಕಿ, ಅದರ ಆಕಾರವನ್ನು ಊಹಿಸಿ, ಸರಿಯಾದ ಜಾಗದಲ್ಲಿ ಹಿಡಿದು, ಎಷ್ಟು ಬಲ ಬೇಕೋ ಅಷ್ಟನ್ನೇ ಹಾಕಿ ಎತ್ತುವ ಈ ಕೆಲಸ ಕೃಷ್ಣಾ–ಗೋದಾವರಿ ಕಣಿವೆಯ ತೈಲಬಾವಿಯಲ್ಲಿ, ಅರಬ್ ದೇಶಗಳ ಮರಳಿನಲ್ಲಿ, ಉತ್ತರ ಸಮುದ್ರದ ನಡುವಿನ ಕಟ್ಟೆಗಳ ಮೇಲೆ ದೊಡ್ಡ ಕಂಪನಿಗಳು ಮಾಡುವ ಕೆಲಸದ ಕುಲಕ್ಕೇ ಸೇರಿದ್ದು. ಅಲ್ಲಿ ಅದಕ್ಕೆ ಪಠ್ಯಪುಸ್ತಕವಿದೆ, ಅಳತೆಯ ಶಿಸ್ತಿದೆ, ತರಬೇತಿ ಇದೆ. ಇಲ್ಲಿ ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ಬಂದ ಅಂದಾಜಷ್ಟೇ ಇದೆ. ಆ ಶಿಸ್ತಿನಲ್ಲಿ ನಮ್ಮ ಬೋರಿಗೆ ತಂದುಕೊಳ್ಳಬಹುದಾದ್ದು ಏನಿದೆ ಎಂದು ನೋಡುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ಮಾತು. ಈ ಸೀಮೆಯ ಮೈಲಾರ ತುಂಗಭದ್ರೆಯ ದಡದಲ್ಲಿದೆ. ಭರತ ಹುಣ್ಣಿಮೆಯ ಜಾತ್ರೆಗೆ ಬಂದವರು ನದಿಯಲ್ಲಿ ಮಿಂದು, ಡೆಂಕನಮರಡಿಯಲ್ಲಿ ಸೇರುತ್ತಾರೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿ ಹಿಡಿಯುತ್ತಾರೆ. ಅವನು ನುಡಿಯುವ ಒಂದೇ ಒಂದು ಸಾಲಿನ ಕಾರ್ಣಿಕದಲ್ಲಿ ರೈತರು ಹುಡುಕುವುದು ಮುಖ್ಯವಾಗಿ ಮಳೆಯನ್ನು, ಬೆಳೆಯನ್ನು. ಹುಡುಕದೆ ಏನು ಮಾಡಿಯಾರು? ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವುದು ಸರಾಸರಿ 600 ಮಿಲಿಮೀಟರ್ ಆಸುಪಾಸಿನ ಮಳೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಯ ಕಾಲುವೆಗಳು ಹೊಸಪೇಟೆಯಿಂದ ಮುಂದಕ್ಕೆ, ಬಳ್ಳಾರಿ–ಸಿರುಗುಪ್ಪ ಕಡೆಗೆ ಹರಿದವು. ಅಣೆಕಟ್ಟೆಯ ಮೇಲ್ಭಾಗದಲ್ಲಿರುವ ಈ ಎತ್ತರದ ತಾಲ್ಲೂಕುಗಳಿಗೆ ಅವು ಏರಿ ಬರಲಿಲ್ಲ. ಸಿಂಗಟಾಲೂರು ಏತ ನೀರಾವರಿ ಹಡಗಲಿ ತಾಲ್ಲೂಕಿನ ಒಂದಷ್ಟು ಭಾಗವನ್ನು ಮುಟ್ಟಿದೆ, ಮಾಲವಿ ಜಲಾಶಯ ಹಗರಿಬೊಮ್ಮನಹಳ್ಳಿಯ ಕೆಲವು ಊರುಗಳನ್ನು ಮುಟ್ಟಿದೆ. ಉಳಿದವರ ಪಾಲಿಗೆ ಬೋರೇ ನದಿ.

ಆ ಬೋರು ಇಳಿಯುವುದು ಭೂಮಿಯ ಅತಿ ಹಳೆಯ ಬಂಡೆಗಳೊಳಗೆ. ಗುಡೇಕೋಟೆಯ ಸುತ್ತ ಕರಡಿಗಳು ಅಡಗುವ ಆ ಬೃಹತ್ ಗುಂಡುಗಳ ಗುಡ್ಡ ನೋಡಿದವರಿಗೆ ಕೆಳಗೆ ಏನಿದೆ ಎಂದು ಹೇಳಬೇಕಾಗಿಲ್ಲ: ಗ್ರಾನೈಟು ಮತ್ತು ನೈಸ್, ಸುಮಾರು 250ರಿಂದ 300 ಕೋಟಿ ವರ್ಷ ಹಳೆಯ ಕಲ್ಲು. ಮರಳುಗಲ್ಲಿನಲ್ಲಿ ಇರುವಂತೆ ಈ ಕಲ್ಲಿನ ಮೈಯಲ್ಲಿ ನೀರು ಇರುವುದಿಲ್ಲ. ಮೇಲಿನ ಸವೆದು ಸಡಿಲಾದ ಪದರದಲ್ಲಿ ಸ್ವಲ್ಪ, ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ. ಮೇಲಿನ ಪದರ ಬತ್ತಿದಂತೆ ಜನ ಬಿರುಕುಗಳನ್ನು ಹುಡುಕಿಕೊಂಡು ಆಳಕ್ಕೆ ಹೋದರು. ಈಗ 500, 600, 700 ಅಡಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ.

ತೆರೆದ ಬಾವಿಯ ಕಾಲದಲ್ಲೂ ವಸ್ತುಗಳು ಒಳಗೆ ಬೀಳುತ್ತಿದ್ದವು. ಹಗ್ಗ ಹರಿದು ಕೊಡ ಬಿದ್ದರೆ ಓಣಿಯಲ್ಲಿ ಯಾರದಾದರೂ ಮನೆಯಿಂದ ಪಾತಾಳಗರಡಿ ಬರುತ್ತಿತ್ತು. ಕಬ್ಬಿಣದ ಬಳೆಗಳಿಗೆ ನಾಲ್ಕೂ ದಿಕ್ಕಿಗೆ ಬಾಗಿದ ಕೊಕ್ಕೆಗಳನ್ನು ಪೋಣಿಸಿದ ಆ ಸಾಧನವನ್ನು ಹಗ್ಗಕ್ಕೆ ಕಟ್ಟಿ ತಳ ಮುಟ್ಟುವವರೆಗೆ ಬಿಟ್ಟು, ಅತ್ತಿತ್ತ ಆಡಿಸಿದರೆ ಯಾವುದೋ ಒಂದು ಕೊಕ್ಕೆ ಕೊಡದ ಕಂಠಕ್ಕೆ ಸಿಗುತ್ತಿತ್ತು. ಅದರ ವಿನ್ಯಾಸದಲ್ಲಿ ಒಂದು ಜಾಣ್ಮೆ ಇದೆ. ವಸ್ತು ಯಾವ ಕಡೆ ವಾಲಿದೆ ಎಂದು ತಿಳಿಯದಿದ್ದಾಗ ಎಲ್ಲ ಕಡೆಗೂ ಕೊಕ್ಕೆ ಇರಲಿ ಎಂಬುದು. ಆದರೆ ಅದು ಗೆಲ್ಲುತ್ತಿದ್ದುದು ಎರಡು ಕಾರಣಕ್ಕೆ: ಬಾವಿ ಅಗಲವಾಗಿತ್ತು, ಮತ್ತು ಕೊಡಕ್ಕೆ ಕಂಠವಿತ್ತು. ಹಿಡಿಯಲು ಒಂದು ಕೊರಳು ಇದ್ದರೆ ಅರ್ಧ ಕೆಲಸ ಮುಗಿದಂತೆ.

ಬೋರಿಗೆ ಬಂದರೆ ಈ ಎರಡೂ ಇಲ್ಲ. ಸಾಮಾನ್ಯವಾಗಿ ಕೊರೆಯುವುದು ಆರೂವರೆ ಇಂಚಿನ ರಂಧ್ರ, ಅಂದರೆ 165 ಮಿಲಿಮೀಟರ್. ಆಳದ ಬೋರಿಗೆ ಇಳಿಸುವ ಆರಿಂಚಿನ ದರ್ಜೆಯ ಮೋಟ್ರಿನ ಹೊರಮೈ ಸುಮಾರು 144 ಮಿಲಿಮೀಟರ್. ಮೋಟ್ರು ನಟ್ಟನಡುವೆ ನಿಂತಿದೆ ಎಂದುಕೊಂಡರೂ ಸುತ್ತಲೂ ಉಳಿಯುವ ಸಂದು ಒಂದು ಸೆಂಟಿಮೀಟರ್ ಚಿಲ್ಲರೆ. ಅದರಲ್ಲೇ ಕೇಬಲ್ಲೂ ಹಾದು ಹೋಗಬೇಕು. ಕೊರೆದ ರಂಧ್ರ ನೆಟ್ಟಗೇ ಇರುತ್ತದೆ ಎಂಬ ಖಾತ್ರಿಯಿಲ್ಲ. ಎಲ್ಲೋ ಒಂದು ಕಡೆ ವಾಲಿದ್ದರೆ ಮೋಟ್ರು ಗೋಡೆಗೆ ಒರಗಿಯೇ ಇರುತ್ತದೆ.

ಇಂಥ ಸಂದಿಗೆ ಒಂದು ಹುಣಸೆ ಬೀಜದಷ್ಟು ಕಲ್ಲು ಬಿದ್ದರೂ ಅದು ಬೆಣೆಯಾಗುತ್ತದೆ. ಕಲ್ಲು ಬರುವುದು ಬಹುಪಾಲು ಬೋರಿನ ಮೇಲ್ಭಾಗಕ್ಕೆ ಇಳಿಸುವ ಹೊರಕೊಳವೆಯ, ಅಂದರೆ ಕೇಸಿಂಗಿನ ಬುಡದಿಂದ. ಖರ್ಚು ಉಳಿಸಲು ಕೇಸಿಂಗನ್ನು ಗಟ್ಟಿ ಬಂಡೆ ಸಿಗುವವರೆಗೆ ಇಳಿಸದೆ ಸಡಿಲ ಪದರದ ನಡುವೆಯೇ ನಿಲ್ಲಿಸಿದ್ದರೆ, ವರ್ಷವೆರಡು ವರ್ಷದಲ್ಲಿ ಅಲ್ಲಿಂದ ಚೂರು ಚೂರೇ ಉದುರತೊಡಗುತ್ತದೆ. ಇನ್ನೊಂದು ಕಾರಣ ಕೇಬಲ್ಲು. ಪೈಪಿಗೆ ಬಿಗಿದ ಕಟ್ಟು ಸಡಿಲಿದರೆ ಕೇಬಲ್ಲು ಜೋತು, ಮೋಟ್ರಿನ ನೆತ್ತಿಯ ಮೇಲೆ ಸುರುಳಿ ಸುತ್ತಿ ಕೂರುತ್ತದೆ. ಎತ್ತಿದಷ್ಟೂ ಆ ಸುರುಳಿ ಬಿಗಿಯಾಗುತ್ತದೆ. ಮೂರನೆಯದು ಪೈಪಿನದೇ ದೋಷ. ಪ್ರತಿಸಲ ಸ್ವಿಚ್ ಒತ್ತಿದಾಗಲೂ ಮೋಟ್ರು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಇಡೀ ಪೈಪಿನ ಸಾಲಿಗೆ ಒಂದು ತಿರುಚು ಬೀಳುತ್ತದೆ. ವಿದ್ಯುತ್ತು ದಿನಕ್ಕೆ ಹಲವು ಸಲ ಹೋಗಿ ಬರುವ ಕಡೆ ಈ ತಿರುಚಿನ ಪೆಟ್ಟೂ ಅಷ್ಟೇ ಸಲ. ಮರೆ (ಥ್ರೆಡ್) ಸವೆದು, ತುಕ್ಕು ಹಿಡಿದು, ಒಂದು ದಿನ ಜೋಡಣೆ ಕಳಚಿಕೊಳ್ಳುತ್ತದೆ.

ಭಾರದ ಲೆಕ್ಕವನ್ನೂ ನೋಡಿ. ಎರಡಿಂಚಿನ ಮಧ್ಯಮ ದರ್ಜೆಯ ಜಿಐ ಪೈಪು ಮೀಟರಿಗೆ ಸುಮಾರು 5 ಕಿಲೋ ತೂಗುತ್ತದೆ. 200 ಮೀಟರಿಗೆ, ಅಂದರೆ ಸುಮಾರು 650 ಅಡಿಗೆ, ಪೈಪೊಂದೇ 1,000 ಕಿಲೋ. ಒಳಗೆ ನಿಂತ ನೀರು ಮೀಟರಿಗೆ 2.2 ಕಿಲೋದಂತೆ 440 ಕಿಲೋ. ಪಂಪು, ಮೋಟ್ರು, ಕೇಬಲ್ಲು ಸೇರಿದರೆ ಒಂದೂವರೆ ಟನ್ ದಾಟುತ್ತದೆ. ಇದು ಏನೂ ಸಿಕ್ಕಿಕೊಳ್ಳದೆ ಸಲೀಸಾಗಿ ಬರುವಾಗಿನ ಭಾರ. ಈ ಭಾರವನ್ನು ಚೈನ್ ಪುಲ್ಲಿಯ ಮೇಲೆ ಹೊತ್ತು, 20 ಅಡಿಗೊಂದು ಪೈಪು ಕಳಚುತ್ತ, ಕ್ಲ್ಯಾಂಪಿನಿಂದ ಕ್ಲ್ಯಾಂಪಿಗೆ ದಾಟಿಸುತ್ತ ಹೋಗುವವರ ಪಾದ ಇರುವುದು ಬೋರಿನ ಬಾಯಿಗೆ ಎರಡು ಗೇಣು ದೂರದಲ್ಲಿ. ಕ್ಲ್ಯಾಂಪು ಜಾರಿದರೆ ಬೆರಳು ಹೋಗುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಕೈಗವಸೂ ಇಲ್ಲ, ವಿಮೆಯೂ ಇಲ್ಲ.

ಪೈಪು ತುಂಡಾಗಿ ಕೆಳಗೆ ಉಳಿದಾಗ ನುರಿತ ಮೇಸ್ತ್ರಿ ಮೊದಲು ಮಾಡುವುದು ಎಣಿಕೆ. ಮೇಲೆ ಎಷ್ಟು ಪೈಪು ಬಂತು, ಇಳಿಸಿದ್ದು ಎಷ್ಟು, ಹಾಗಾದರೆ ತುಂಡಾದದ್ದು ಎಷ್ಟನೇ ಅಡಿಯಲ್ಲಿ. ಎರಡನೆಯದು, ಮುರಿದ ತುದಿಯ ಆಕಾರ. ಮೇಲೆ ಬಂದ ತುದಿಯನ್ನು ನೋಡಿದರೆ ಕೆಳಗಿನದನ್ನು ಊಹಿಸಬಹುದು: ಮರೆ ಕಳಚಿದ್ದೋ, ಸೀಳಿದ್ದೋ, ಸಾಕೆಟ್ಟು ಮೇಲೆ ಉಳಿದಿದೆಯೋ ಕೆಳಗೋ. ಈಗ ಬೋರಿಗೆ ಇಳಿಸುವ ಕ್ಯಾಮೆರಾ ಬಂದಿದೆ. ಕಲಕಿದ ನೀರಿನಲ್ಲಿ ಅದಕ್ಕೂ ಏನೂ ಕಾಣದು. ತೈಲಬಾವಿಗಳಲ್ಲಿ ಆಕಾರ ತಿಳಿಯಲು ಒಂದು ಹಳೆಯ ಉಪಾಯವಿದೆ. ತಳದಲ್ಲಿ ಮೆದುವಾದ ಸೀಸವನ್ನೋ ಮೇಣವನ್ನೋ ತುಂಬಿದ ಒಂದು ಗುಂಡನ್ನು ಇಳಿಸಿ, ಬಿದ್ದ ವಸ್ತುವಿನ ಮೇಲೆ ಒಮ್ಮೆ ಕೂರಿಸಿ ಎತ್ತಿದರೆ ಅದರ ಅಚ್ಚು ಮೂಡಿ ಬರುತ್ತದೆ. ಸಾಬೂನಿನ ಮುದ್ದೆಯಲ್ಲೂ ಇದನ್ನು ಮಾಡಬಹುದು.

ಆಕಾರ ತಿಳಿದ ಮೇಲೆ ಹಿಡಿಯುವ ಸಾಧನ. ಪೈಪಿನ ಬಾಯಿ ತೆರೆದಿದ್ದರೆ ಒಳಗಿನಿಂದ ಹಿಡಿಯಬಹುದು: ಮೊನೆ ಸಣ್ಣದಾಗುತ್ತ ಹೋಗುವ, ಮೈಮೇಲೆ ಗಟ್ಟಿ ಉಕ್ಕಿನ ಮರೆ ಕೊರೆದ ಟ್ಯಾಪನ್ನು ಇಳಿಸಿ ತಿರುಗಿಸಿದರೆ ಅದು ಪೈಪಿನ ಒಳಮೈಯಲ್ಲಿ ತಾನೇ ಮರೆ ಕೊರೆದುಕೊಂಡು ಕೂರುತ್ತದೆ. ಬಾಯಿ ಚಪ್ಪಟೆಯಾಗಿದ್ದರೆ ಹೊರಗಿನಿಂದ ಹಿಡಿಯಬೇಕು. ಗಂಟೆಯಾಕಾರದ ಬಾಯಿಯೊಳಗೆ ಮರೆ ಇರುವ ಡೈ ಅದಕ್ಕೆ. ಇವೆರಡಕ್ಕಿಂತ ಸೊಗಸಾದದ್ದು ಬೆಣೆಹಲ್ಲಿನ ಹಿಡಿಕೆ, ತೈಲದವರು ಓವರ್‌ಶಾಟ್ ಎನ್ನುವಂಥದು. ಹೊರಗೆ ಒಂದು ಕೊಳವೆ, ಅದರ ಒಳಮೈ ಕೆಳಗೆ ಕಿರಿದಾಗುವ ಇಳಿಜಾರು. ಆ ಇಳಿಜಾರಿನ ಮೇಲೆ ಹಲ್ಲುಳ್ಳ ಬೆಣೆಗಳು. ಸಾಧನ ಇಳಿಯುವಾಗ ಬೆಣೆಗಳು ಮೇಲಕ್ಕೆ ಸರಿದು ಅಗಲವಾಗಿ ಪೈಪಿಗೆ ದಾರಿ ಬಿಡುತ್ತವೆ. ಎತ್ತಲು ಶುರು ಮಾಡಿದೊಡನೆ ಪೈಪಿನ ಭಾರವೇ ಅವನ್ನು ಕಿರಿದಾದ ಕಡೆಗೆ ಎಳೆದು ಹಲ್ಲುಗಳನ್ನು ಒಳಕ್ಕೆ ಒತ್ತುತ್ತದೆ. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಹಿಡಿಯುವುದಕ್ಕೆ ಬೇರೆ ಬಲವೇ ಬೇಕಿಲ್ಲ.

ಇಲ್ಲೊಂದು ಲೆಕ್ಕವಿದೆ. ನಮ್ಮ ಮೋಟ್ರು ಎತ್ತುವವರ ಕೈಗೆ ಅದು ಸಿಕ್ಕರೆ ಎಷ್ಟೋ ಬೋರು ಉಳಿದಾವು ಎಂದು ನನಗೆ ಬಲವಾಗಿ ಅನಿಸುತ್ತದೆ. ಉಕ್ಕು ಹಿಗ್ಗುತ್ತದೆ. 200 ಮೀಟರ್ ಉದ್ದದ ಎರಡಿಂಚಿನ ಪೈಪಿನ ಸಾಲನ್ನು ಅದರ ಸ್ವಂತ ಭಾರದ ಮೇಲೆ ಇನ್ನೂ 2 ಟನ್ ಬಲದಿಂದ ಎಳೆದರೆ ಅದು ಸುಮಾರು 3 ಸೆಂಟಿಮೀಟರ್ ಉದ್ದವಾಗುತ್ತದೆ. ಬಲ ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ಹಿಗ್ಗುವುದು ಮೇಲಿನಿಂದ ಸಿಕ್ಕಿಕೊಂಡ ಜಾಗದವರೆಗಿನ ಭಾಗ ಮಾತ್ರ. ಆದ್ದರಿಂದ ಬೋರಿನ ಬಾಯಿಯ ಮಟ್ಟಕ್ಕೆ ಪೈಪಿನ ಮೇಲೆ ಸೀಮೆಸುಣ್ಣದ ಗೆರೆ ಹಾಕಿ, ತೂಕದ ಮಾಪಕ ನೋಡಿಕೊಂಡು 2 ಟನ್ ಹೆಚ್ಚುವರಿ ಎಳೆದಾಗ ಗೆರೆ ಪೂರಾ 3 ಸೆಂಟಿಮೀಟರ್ ಏರಿದರೆ ಮೋಟ್ರೇ ಸಿಕ್ಕಿದೆ ಎಂದು, ಒಂದೂವರೆಯಷ್ಟೇ ಏರಿದರೆ ಅರ್ಧ ದಾರಿಯಲ್ಲಿ, 100 ಮೀಟರ್ ಹತ್ತಿರ ಕಲ್ಲೋ ಕೇಬಲ್ಲೋ ಹಿಡಿದಿದೆ ಎಂದು ತಿಳಿಯುತ್ತದೆ. ತೈಲದ ಇಂಜಿನಿಯರು ಪೈಪು ಎಲ್ಲಿ ಸಿಕ್ಕಿದೆ ಎಂದು ಪತ್ತೆ ಮಾಡುವುದಕ್ಕೂ ಇದೇ ತತ್ವವೇ ತಳಹದಿ. ಬೇಕಾದದ್ದು ಎಳೆತ ತೋರಿಸುವ ಒಂದು ಮಾಪಕ, ಒಂದು ಅಳತೆಪಟ್ಟಿ. ಎಚ್‌ಡಿಪಿಇ ಪೈಪಿಗೆ ಈ ಲೆಕ್ಕ ಹೊಂದುವುದಿಲ್ಲ, ಅದು ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ. ಜಿಐ ಪೈಪಿನ ಬೋರುಗಳಿಗೆ ಪೂರಾ ಹೊಂದುತ್ತದೆ.

ಇನ್ನು ತೈಲಬಾವಿಯ ಒಳಗೆ ಇಣುಕೋಣ. ಕರ್ನಾಟಕದಲ್ಲಿ ತೈಲ ತೆಗೆಯುವ ಬಾವಿಗಳಿಲ್ಲ. ತೈಲಕ್ಕೆ ಪದರ ಪದರವಾಗಿ ಕೂತ ಜಲಜ ಶಿಲೆ ಬೇಕು. ಅಂಥ ಬಾವಿ ಹಲವು ಪದರಗಳನ್ನು ದಾಟಿ ಎರಡು ಮೂರು ಕಿಲೋಮೀಟರ್ ಇಳಿಯುತ್ತದೆ. ಒಂದು ಪದರದಲ್ಲಿ ತೈಲ, ಇನ್ನೊಂದರಲ್ಲಿ ಅನಿಲ, ಮತ್ತೊಂದರಲ್ಲಿ ಉಪ್ಪುನೀರು. ಯಾವ ಪದರದಿಂದ ಯಾವಾಗ ತೆಗೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ತೀರ್ಮಾನಿಸಲು ನಡುವಿನ ಪೈಪಿನಲ್ಲಿ ಅಲ್ಲಲ್ಲಿ ಬಾಗಿಲುಗಳನ್ನು ಇಟ್ಟಿರುತ್ತಾರೆ. ಈ ಬಾಗಿಲಿಗೆ ಸ್ಲೈಡಿಂಗ್ ಸ್ಲೀವ್ ಎಂದು ಹೆಸರು. ಪೈಪಿನ ಗೋಡೆಯಲ್ಲಿ ತೂತುಗಳು, ಅವಕ್ಕೆ ಒಳಗಿನಿಂದ ತಾಗಿಕೊಂಡ ಒಂದು ಉಕ್ಕಿನ ತೋಳು. ತೋಳನ್ನು ಒಂದು ಕಡೆ ಸರಿಸಿದರೆ ಅದರ ತೂತು ಗೋಡೆಯ ತೂತಿಗೆ ಹೊಂದಿ ಬಾಗಿಲು ತೆರೆಯುತ್ತದೆ, ಇನ್ನೊಂದು ಕಡೆ ಸರಿಸಿದರೆ ಮುಚ್ಚುತ್ತದೆ.

ಎರಡೂವರೆ ಕಿಲೋಮೀಟರ್ ಕೆಳಗಿರುವ ಈ ಬಾಗಿಲನ್ನು ತೆರೆಯಲು ಮೇಲಿನಿಂದ ಇಳಿಸುವುದು 3 ಮಿಲಿಮೀಟರ್ ಆಸುಪಾಸಿನ ದಪ್ಪದ ಒಂದೇ ಒಂದು ಎಳೆ ಉಕ್ಕಿನ ತಂತಿಯನ್ನು. ಅದರ ತುದಿಯಲ್ಲಿ ಭಾರದ ಸರಳುಗಳು, ಸುತ್ತಿಗೆಯಂತೆ ಹೊಡೆಯುವ ಜಾರ್ ಎಂಬ ಸಾಧನ, ಎಲ್ಲಕ್ಕಿಂತ ಕೆಳಗೆ ಶಿಫ್ಟಿಂಗ್ ಟೂಲ್. ಶಿಫ್ಟಿಂಗ್ ಟೂಲಿನ ಮೈಯಲ್ಲಿ ಕಿಟಕಿಗಳಿವೆ, ಕಿಟಕಿಗಳಿಂದ ಸ್ಪ್ರಿಂಗಿನ ಒತ್ತಡಕ್ಕೆ ಹೊರಚಾಚಿದ ಕೀಲಿಗಳಿವೆ. ಪ್ರತಿ ಕೀಲಿಯ ಹೊರಮೈಯಲ್ಲಿ ಏರುತಗ್ಗಿನ ಒಂದು ಅಚ್ಚು. ತೋಳಿನ ಒಳಗೂ ಅದಕ್ಕೆ ಹೊಂದುವ ಅಚ್ಚಿನ ತೋಡು ಇರುತ್ತದೆ. ಹಳೆಯ ತೊಟ್ಟಿಮನೆಯ ಬೀಗದ ಕೈ ತನ್ನ ಬೀಗಕ್ಕೆ ಮಾತ್ರ ಒಗ್ಗುವ ಹಾಗೆ, ಕೆಲವು ವಿನ್ಯಾಸಗಳಲ್ಲಿ ಈ ಕೀಲಿ ದಾರಿಯಲ್ಲಿ ಸಿಗುವ ಬೇರೆ ತೋಡುಗಳ ಮೇಲೆ ಜಾರಿ ಹೋಗಿ ತನ್ನ ಅಚ್ಚು ಸಿಕ್ಕಲ್ಲಿ ಮಾತ್ರ ಹೊರಚಿಮ್ಮಿ ಕೂರುತ್ತದೆ.

ಕೀಲಿಯ ಒಂದು ಭುಜ ಇಳಿಜಾರು, ಇನ್ನೊಂದು ಭುಜ ಚೌಕ. ಇಡೀ ಸಾಧನದ ಜೀವ ಇರುವುದು ಈ ಎರಡು ಭುಜಗಳಲ್ಲಿ. ಕೆಳಗೆ ಹೋಗುವಾಗ ಇಳಿಜಾರಿನ ಭುಜ ಅಡ್ಡಿಗೆ ತಾಗಿ ಕೀಲಿಯನ್ನು ಒಳಕ್ಕೆ ತಳ್ಳುತ್ತದೆ, ಸಾಧನ ಸಲೀಸಾಗಿ ದಾಟುತ್ತದೆ. ಮೇಲಕ್ಕೆ ಎಳೆದಾಗ ಚೌಕದ ಭುಜ ತೋಳಿನ ಚೌಕದ ಅಂಚಿಗೆ ಸಿಕ್ಕಿ ಬಿಗಿಯುತ್ತದೆ. ಬಾಗಿಲನ್ನು ಕೆಳಮುಖವಾಗಿ ಸರಿಸಬೇಕಿದ್ದರೆ? ಅದೇ ಸಾಧನವನ್ನು ತಲೆಕೆಳಗಾಗಿ ಕಟ್ಟಿ ಇಳಿಸುತ್ತಾರೆ. ಕೀಲಿ ಕೂತ ಮೇಲೆ ಬರಿ ಎಳೆದರೆ ಸಾಲದು; ಆ ತಂತಿ ತಡೆಯುವುದೇ ಒಂದು ಒಂದೂವರೆ ಟನ್. ಆಗ ಜಾರ್ ಕೆಲಸಕ್ಕೆ ಬರುತ್ತದೆ. ಭಾರದ ಸರಳುಗಳನ್ನು ತುಸು ಇಳಿಬಿಟ್ಟು ಜೋರಾಗಿ ಎಳೆದರೆ ಅವು ವೇಗ ಪಡೆದು ಬಂದು ಜಾರಿನ ತುದಿಗೆ ಅಪ್ಪಳಿಸುತ್ತವೆ, ಆ ಪೆಟ್ಟು ತೋಳನ್ನು ಬೆರಳಿನಷ್ಟು ಬೆರಳಿನಷ್ಟೇ ಸರಿಸುತ್ತದೆ. ಎರಡೂ ಬದಿಯ ಒತ್ತಡದಲ್ಲಿ ಭಾರಿ ವ್ಯತ್ಯಾಸವಿದ್ದರೆ ಬಾಗಿಲು ಹಠಾತ್ತನೆ ತೆರೆದು ಸಾಧನವನ್ನೇ ಮೇಲಕ್ಕೆ ಎಸೆದುಬಿಡಬಹುದು. ಅದಕ್ಕಾಗಿ ಹಲವು ಸ್ಲೀವುಗಳಲ್ಲಿ ಪೂರಾ ತೆರೆಯುವ ಮೊದಲು ಸಣ್ಣ ತೂತಿನ ಒಂದು ನಡುನಿಲ್ದಾಣವಿದೆ. ಅಲ್ಲಿ ಕಾದು, ಒತ್ತಡ ಸರಿಸಮವಾದ ಮೇಲೆ ಮುಂದುವರಿಯುತ್ತಾರೆ.

ಈ ಸಾಧನದಲ್ಲಿ ನನ್ನನ್ನು ಬಹಳವಾಗಿ ಹಿಡಿದದ್ದು ಅದು ಬಿಡುವ ರೀತಿ. ತೋಳು ತನ್ನ ದಾರಿಯ ಕೊನೆ ಮುಟ್ಟಿದಾಗ ಹೊರಕವಚದ ಒಳಮೈಯಲ್ಲಿರುವ ಒಂದು ಇಳಿಜಾರು ಕೀಲಿಗಳನ್ನು ಒಳಕ್ಕೆ ಒತ್ತುತ್ತದೆ, ಹಿಡಿತ ತಾನಾಗಿ ಕಳಚುತ್ತದೆ. ಅಂದರೆ ಕೆಲಸ ಪೂರ್ತಿಯಾಗದೆ ಸಾಧನ ಬಿಡುವುದಿಲ್ಲ. ಬಿಟ್ಟಿತೆಂದರೆ ಬಾಗಿಲು ಪೂರ್ತಿ ತೆರೆದಿದೆ ಎಂದು ಮೇಲೆ ನಿಂತವನಿಗೆ ತೂಕದ ಮುಳ್ಳೇ ತಿಳಿಸುತ್ತದೆ. ಬಾಗಿಲು ಜಪ್ಪಯ್ಯ ಎಂದರೂ ಅಲುಗದಿದ್ದರೆ ಅದಕ್ಕೂ ದಾರಿಯಿದೆ. ಒಳಗೊಂದು ಮೆತ್ತನೆ ಲೋಹದ ಪಿನ್ನು, ಇಷ್ಟೇ ಬಲಕ್ಕೆ ತುಂಡಾಗಬೇಕೆಂದು ಅಳೆದು ಇಟ್ಟದ್ದು. ಅದು ತುಂಡಾದರೆ ಕೀಲಿಗಳು ಒಳಸೇರಿ ಸಾಧನ ಬರಿಗೈಯಲ್ಲಿ ಮೇಲೆ ಬರುತ್ತದೆ. ಬಾಗಿಲು ತೆರೆಯಲಿಲ್ಲ, ನಿಜ. ಆದರೆ ತಂತಿ ಹರಿದು ಇನ್ನೊಂದು ವಸ್ತು ಕೆಳಗೆ ಉಳಿಯಲಿಲ್ಲ.

ನಮ್ಮ ಬೋರುಗಳಲ್ಲಿ ಆಗುವ ದೊಡ್ಡ ಅನಾಹುತ ಇದೇ ಅಲ್ಲವೇ? ಟ್ಯಾಪು ಬಿಗಿಯಾಗಿ ಕೂರುತ್ತದೆ, ಪೈಪು ಬರುವುದಿಲ್ಲ, ಟ್ಯಾಪನ್ನು ಬಿಡಿಸಲೂ ಆಗುವುದಿಲ್ಲ. ಕೊನೆಗೆ ಮೋಟ್ರಿನ ಮೇಲೆ ಪೈಪು, ಪೈಪಿನ ಮೇಲೆ ಟ್ಯಾಪು, ಅದರ ಮೇಲೆ ಹರಿದ ಹಗ್ಗ. ಎಷ್ಟೋ ಬೋರುಗಳು ಮೊದಲ ಅವಘಡದಲ್ಲಿ ಉಳಿದು, ಎತ್ತುವ ಪ್ರಯತ್ನದಲ್ಲಿ ಸತ್ತಿವೆ. ಬಿಡುವ ದಾರಿ ಇಲ್ಲದ ಹಿಡಿಕೆಯನ್ನು ಬೋರಿಗೆ ಇಳಿಸಲೇಬಾರದು. ಅಳೆದು ಹಾಕಿದ ಒಂದು ಪಿನ್ನು ಸಾಕು; ನಮ್ಮ ಲೇತ್ ಅಂಗಡಿಯ ಯಾವ ಮೇಸ್ತ್ರಿಗೂ ಅದು ಕಷ್ಟದ ಕೆಲಸವಲ್ಲ.

ತೈಲದವರ ಇನ್ನೊಂದು ರೂಢಿ ಇದಕ್ಕಿಂತ ಮುಖ್ಯ. ತಂತಿಯಲ್ಲಿ ಇಳಿಸುವ ಪ್ರತಿಯೊಂದು ಸಾಧನದ ನೆತ್ತಿಯಲ್ಲೂ ಒಂದು ಕೊರಳು ಇರುತ್ತದೆ, ಫಿಶಿಂಗ್ ನೆಕ್ ಎಂದು ಕರೆಯುವಂಥದು. ತಲೆ ದಪ್ಪ, ಕೆಳಗೆ ಕುತ್ತಿಗೆ ಸಣ್ಣ, ಎರಡರ ನಡುವೆ ಚೌಕದ ಅಂಚು. ಅದರ ಅಳತೆಗಳು ನಿಗದಿಯಾಗಿವೆ. ನಾಳೆ ಇದು ಕಳಚಿ ಬಿದ್ದರೆ ಯಾವ ಹಿಡಿಕೆ ಇಳಿಸಬೇಕು ಎಂಬುದು ಇಂದು ಇಳಿಸುವ ಮೊದಲೇ ಕಾಗದದ ಮೇಲೆ ಬರೆದಿರುತ್ತದೆ. ಸಿಕ್ಕಿಕೊಳ್ಳುವುದು ಅವರಿಗೆ ಆಕಸ್ಮಿಕವಲ್ಲ, ಬರಲಿರುವ ಸಂಗತಿ.

ಮುಳುಗಿ ತಿರುಗುವ ಮೋಟ್ರೂ ತೈಲದ ನಾಡಿನಲ್ಲೇ ಬೆಳೆದದ್ದು. ರಷ್ಯಾದಿಂದ ವಲಸೆ ಹೋದ ಆರ್ಮೇನಿಯನ್ ಮೂಲದ ಇಂಜಿನಿಯರ್ ಅರ್ಮೈಸ್ ಅರುಟುನಾಫ್ 1920ರ ದಶಕದಲ್ಲಿ ಅಮೆರಿಕದ ತೈಲಬಾವಿಗೆ ಅದನ್ನು ಇಳಿಸಿ ತೋರಿಸಿದ. ಉದ್ದನೆಯ, ತೆಳ್ಳನೆಯ, ರಂಧ್ರದೊಳಗೆ ತೂರುವ ಆ ಮೋಟ್ರಿನ ಬಂಧುಗಳೇ ಇಂದು ಕೊಟ್ಟೂರಿನ ಅಂಗಡಿಗಳಲ್ಲಿ ಸಾಲಾಗಿ ನಿಂತಿರುವುದು. ಮೋಟ್ರು ಬಂತು, ಕೇಬಲ್ಲು ಬಂತು, ಸ್ಟಾರ್ಟರು ಬಂತು. ಹಿಡಿದೆತ್ತುವ ಕೊರಳಿನ ಶಿಸ್ತು ಬರಲಿಲ್ಲ. ನಮ್ಮ ಪಂಪಿನ ನೆತ್ತಿಯಲ್ಲಿ ಇರುವುದು ಪೈಪು ಕೂರುವ ಮರೆ, ಹಗ್ಗ ಕಟ್ಟಲು ಒಂದೆರಡು ಕಿವಿ. ಒಂದೊಂದು ಕಂಪನಿಯದು ಒಂದೊಂದು ಆಕಾರ. ಹಗ್ಗ ಹರಿದ ಮೇಲೆ ಹಿಡಿಯಲು ಅಲ್ಲಿ ಏನೂ ಇಲ್ಲ.

ನೀರಿನ ಬಾವಿಗೆ ಇಂಥ ಆಲೋಚನೆ ಹೊಂದುವುದಿಲ್ಲ ಎನ್ನುವವರಿಗೆ ನಮ್ಮದೇ ದೇಶದ ಒಂದು ಉದಾಹರಣೆ ತೋರಿಸಬಹುದು. ಗಟ್ಟಿ ಬಂಡೆಯನ್ನು ಗಾಳಿಯ ಸುತ್ತಿಗೆಯಿಂದ ಕೊರೆಯುವ ರಿಗ್ಗುಗಳನ್ನು ಯುನಿಸೆಫ್ 1967ರ ಬರಗಾಲದಲ್ಲಿ ಭಾರತಕ್ಕೆ ತಂದಿತು. ಕೊರೆದದ್ದಕ್ಕೆ ಗಟ್ಟಿಮುಟ್ಟಾದ ಕೈಪಂಪು ಬೇಕಾಯಿತು. ಇಂಡಿಯಾ ಮಾರ್ಕ್-2 ಹುಟ್ಟಿತು, 1979ರಲ್ಲಿ ಅದಕ್ಕೆ ಐಎಸ್ 9301 ಮಾನಕ ಬಂತು. ನಮ್ಮ ಕಡೆ ಜನ ‘ಬೋರಿಂಗ್’ ಎಂದು ಕರೆಯುವ ಪಂಪು ಅದು. 1983ರಿಂದ 1988ರವರೆಗೆ ಪಂಚಾಯತ್‌ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೆ ಕೊಳವೆಬಾವಿ ಮುಟ್ಟಿಸಿ ‘ನೀರ್ ಸಾಬ್’ ಎನಿಸಿಕೊಂಡದ್ದು ಇದೇ ಕಾಲದಲ್ಲಿ. ಆದರೆ ಮಾರ್ಕ್-2ರಲ್ಲಿ ಒಂದು ವಾಷರ್ ಸವೆದರೂ ಇಡೀ ಪೈಪಿನ ಸಾಲನ್ನು ಎತ್ತಬೇಕಿತ್ತು. ಅದನ್ನು ತಪ್ಪಿಸಲು ಮಾರ್ಕ್-3 ಬಂತು. ಅದರ ಪೈಪು 65 ಮಿಲಿಮೀಟರಿನದು, ಪಿಸ್ಟನ್ನು ಪೈಪಿನೊಳಗಿಂದಲೇ ಹೊರಬರುತ್ತದೆ. ತಳದ ವಾಲ್ವು? ಮೇಲಿನಿಂದ ಸರಳುಗಳನ್ನು ಇಳಿಬಿಟ್ಟು ತಿರುಗಿಸಿದರೆ ಪಿಸ್ಟನ್ನಿನ ಕೆಳಗಿನ ಮರೆ ವಾಲ್ವಿನ ನೆತ್ತಿಯ ಮರೆಗೆ ಕೂರುತ್ತದೆ, ಎತ್ತಿದರೆ ಎರಡೂ ಜೊತೆಗೆ ಬರುತ್ತವೆ. ಪೈಪು ಅಲ್ಲೇ ಇರುತ್ತದೆ. ದಪ್ಪ ಪೈಪಿನ ದುಬಾರಿಯಿಂದಾಗಿ ಮಾರ್ಕ್-3 ಎಲ್ಲೆಡೆ ಹಬ್ಬಲಿಲ್ಲ. ಆದರೆ ಕೆಳಗೆ ಇಡುವ ವಸ್ತುವನ್ನು ಮುಂದೆ ಮೇಲಿನಿಂದ ಹಿಡಿಯಬೇಕಾಗುತ್ತದೆ ಎಂಬ ಎಚ್ಚರದಿಂದಲೇ ರೂಪಿಸಿದ ಸಾಧನ ನಮ್ಮ ಹಳ್ಳಿಗಳಿಗೆ ದಶಕಗಳ ಹಿಂದೆಯೇ ಹೊಂದಿತ್ತು.

ಹಾಗಿದ್ದರೆ ಪಂಪಿನ ನೆತ್ತಿಗೂ ಪೈಪಿಗೂ ನಡುವೆ ಗೇಣುದ್ದದ ಒಂದು ಉಕ್ಕಿನ ತುಂಡು, ಎಲ್ಲ ಕಂಪನಿಗಳಿಗೂ ಒಂದೇ ಅಳತೆಯ ಕೊರಳುಳ್ಳದ್ದು, ಏಕೆ ಕಡ್ಡಾಯವಾಗಬಾರದು? ಪೈಪು ಮುರಿಯುವುದೇ ಆದರೆ ಆ ಕೊರಳಿನ ಮೇಲೆಯೇ ಮುರಿಯಲಿ ಎಂದು ಅಲ್ಲೊಂದು ದುರ್ಬಲ ಜೋಡಣೆ ಇಡಬಹುದು. ತೈಲದವರು ಇದನ್ನೂ ಮಾಡುತ್ತಾರೆ. ಒಂದೇ ಅಳತೆಯ ಕೊರಳಿದ್ದರೆ ಒಂದೇ ಅಳತೆಯ ಹಿಡಿಕೆ ಸಾಕು. ಆಗ ಮೋಟ್ರು ಎತ್ತುವ ತಂಡ ಪ್ರತಿ ಬೋರಿಗೂ ಹೊಸ ಟ್ಯಾಪು ಮಾಡಿಸುತ್ತ ಕೂರಬೇಕಿಲ್ಲ. ಭಾರತೀಯ ಮಾನಕ ಬ್ಯೂರೋ ಸಬ್‌ಮರ್ಸಿಬಲ್ ಪಂಪುಗಳಿಗೆ ಮಾನಕಗಳನ್ನು ಬರೆದಿದೆ; ಕೊರಳಿನ ಅಳತೆಗೂ ಅಲ್ಲಿ ಜಾಗ ಸಿಗಬೇಕು. ಐಟಿಐಗಳಲ್ಲಿ ಪಂಪ್ ಮೆಕ್ಯಾನಿಕ್ ಕಲಿಯುವ ಹುಡುಗರಿಗೆ ವೈಂಡಿಂಗಿನ ಜೊತೆಗೆ ಎತ್ತುವುದನ್ನೂ ಕಲಿಸಬೇಕು, ಕಲಿಸಲು ಈಗಾಗಲೇ ಎತ್ತುತ್ತಿರುವ ಮೇಸ್ತ್ರಿಗಳನ್ನೇ ಕರೆಯಬೇಕು.

ಎತ್ತಲಾಗದೆ ಕೈಬಿಟ್ಟ ಬೋರಿನ ವಿಷಯ ಇನ್ನೂ ಗಂಭೀರ. ಅಲ್ಲಿ ಉಳಿದ ಬೆಲೆಬಾಳುವ ವಸ್ತು ಕೇಸಿಂಗ್ ಒಂದೇ. ಅದನ್ನು ಒಳಗಿನಿಂದ ಹಿಡಿದು ಕಿತ್ತು ಮುಂದಿನ ಬೋರಿಗೆ ಒಯ್ಯುತ್ತಾರೆ, ಬಾಯಿ ತೆರೆದೇ ಉಳಿಯುತ್ತದೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಮುಚ್ಚದ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಪಕ್ಕದಲ್ಲಿ ಗುಂಡಿ ತೋಡಿ, ಸುಮಾರು 20 ಗಂಟೆ ದುಡಿದು ಜೀವಂತ ಹೊರತೆಗೆದರು. ಅದಕ್ಕೂ ಮೊದಲು ನಮ್ಮ ರಾಜ್ಯದಲ್ಲೇ ಮಕ್ಕಳು ಹೀಗೆ ಬಿದ್ದು ಬದುಕದೆ ಹೋದದ್ದನ್ನು ಕಂಡಿದ್ದೇವೆ. ಸುಪ್ರೀಂ ಕೋರ್ಟು 2010ರಲ್ಲೇ ನಿಯಮ ಹಾಕಿದೆ: ಕೇಸಿಂಗಿನ ಬಾಯಿಗೆ ಬೆಸುಗೆ ಹಾಕಿದ ಅಥವಾ ಬೋಲ್ಟು ಬಿಗಿದ ಉಕ್ಕಿನ ಮುಚ್ಚಳ, ಸುತ್ತ ಸಿಮೆಂಟಿನ ಕಟ್ಟೆ, ಕೈಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು, ಪಂಪು ರಿಪೇರಿಯ ವೇಳೆಯಲ್ಲೂ ಬಾಯಿ ತೆರೆದಿಟ್ಟು ಹೋಗಬಾರದು. ವಿಫಲ ಬೋರು ಮುಚ್ಚದವರಿಗೆ ಶಿಕ್ಷೆಯಾಗುವಂತೆ ರಾಜ್ಯವೂ 2024ರಲ್ಲಿ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದಿತು. ಮೋಟ್ರು ಎತ್ತುವ ತಂಡ ಊಟಕ್ಕೆ ಹೋಗುವಾಗ, ರಾತ್ರಿ ಕೆಲಸ ನಿಲ್ಲಿಸಿ ಹೋಗುವಾಗ ಬೋರಿನ ಮೇಲೆ ಗೋಣಿಚೀಲ ಹೊದಿಸಿ ಹೋಗುವುದು ಮುಚ್ಚಿದಂತಲ್ಲ; ಬಾಯಿಗೆ ಬಿಗಿಯುವ ಮುಚ್ಚಳವೊಂದು ಅವರ ಸಾಮಾನಿನ ಜೊತೆಯಲ್ಲೇ ಇರಬೇಕು.

ಮಾನಕ ಬರುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ಈ ಸಲ ಮೋಟ್ರು ಇಳಿಸುವ ದಿನ ಬೋರಿನ ಆಳ, ಕೇಸಿಂಗ್ ಎಷ್ಟು ಅಡಿ, ಪೈಪು ಎಷ್ಟು ಮತ್ತು ಯಾವ ಬಗೆಯದು, ಪಂಪಿನ ಹೊರ ಅಳತೆ, ನೆತ್ತಿಯಲ್ಲಿರುವ ಜೋಡಣೆಯ ಅಳತೆ, ಇಳಿಸಿದ ತಾರೀಖು ಇಷ್ಟನ್ನೂ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಮೈಯಲ್ಲಿ ಬಣ್ಣದಿಂದ ಬರೆಸಿ, ನೆತ್ತಿಯ ಜೋಡಣೆಯ ಫೋಟೊ ಒಂದನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಮೋಟ್ರು ಸಿಕ್ಕಿಕೊಂಡ ದಿನ ಮೇಸ್ತ್ರಿ ಬಂದು ಮೊದಲು ಕೇಳುವುದು ಇದೇ ಸಂಗತಿಗಳನ್ನು.